ಬೆಳಿಗ್ಗೆ ಕಾಲಿಗೆ, ಮಧ್ಯಾಹ್ನ ಕೈಗೆ: ಕೊಪ್ಪಳದ ವಸಂತದಲ್ಲಿ ನಡಿಗೆ, ಹಳೇ ಸೀರೆಯ ಹೊಲಿಗೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿ ಹೋಗುತ್ತದೆ ಅನ್ನುತ್ತಾರೆ. ನಮ್ಮ ಕೊಪ್ಪಳದ ಕಡೆ ಅದು ಹೋದ ಬೆನ್ನಿಗೇ ಬಿಸಿಲು ಬಂದು ಕಟ್ಟೆ ಮೇಲೆ ಕೂತುಬಿಡುತ್ತದೆ. ಪಂಚಾಂಗದ ವಸಂತ ಯುಗಾದಿಗೆ ಶುರುವಾದರೆ, ನಡೆಯುವವರ ವಸಂತ ಅದಕ್ಕೂ ಒಂದು ತಿಂಗಳು ಮೊದಲೇ ಶುರು. ಶಿವರಾತ್ರಿಯಿಂದ ಯುಗಾದಿ ಕಳೆದು ಎರಡು ಮೂರು ವಾರದವರೆಗೆ, ಅಷ್ಟೇ ನಮಗೆ ಸಿಗುವುದು. ಅಷ್ಟರಲ್ಲೂ ಬೆಳಗಿನ ಎರಡು ತಾಸು ಮಾತ್ರ ಹಿತ. ಮಧ್ಯಾಹ್ನ ಹೊರಗೆ ಕಾಲಿಡಲಾಗುವುದಿಲ್ಲ, ಮನೆಯೊಳಗೆ ಕೂತು ಬೇಸರ.

ಈ ಎರಡು ಹೊತ್ತನ್ನು ಜೋಡಿಸಿಕೊಂಡರೆ ಮೂರು ಕಾಸು ಖರ್ಚಿಲ್ಲದೆ ಇಡೀ ವಸಂತ ಚೆಂದವಾಗಿ ಕಳೆಯುತ್ತದೆ ಅನ್ನುವುದು ನನ್ನ ಅನುಭವ. ಬೆಳಿಗ್ಗೆ ನಡೆಯುವುದು, ಮಧ್ಯಾಹ್ನ ಹೊಲಿಯುವುದು. ನಡಿಗೆಗೆ ಬೇಕಾದ ಚಂಚಿ ಅಂದರೆ ಖಾನೆಗಳ ಸಣ್ಣ ಚೀಲ, ನೀರಿನ ಬಾಟಲಿಯ ಅಂಗಿ ಒಂದು ಹಳೇ ಸೀರೆಯಲ್ಲೇ ಆಗುತ್ತವೆ. ಉಳಿದದ್ದರಲ್ಲಿ ಒಂದು ಸಣ್ಣ ಕೌದಿ, ಅಂದರೆ ಹಳೇ ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ. ಹೊಲಿಗೆ ಯಂತ್ರ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ. ಸೂಜಿ, ಹತ್ತಿ ದಾರ, ಕತ್ತರಿ, ಅಳತೆ ಟೇಪು, ನಾಲ್ಕಾರು ಗುಂಡುಪಿನ್ನು ಇದ್ದರೆ ಸಾಕು.

ಹೊತ್ತು, ದಾರಿ

ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ ಸೂರ್ಯ ಮೂಡುವುದು ಸುಮಾರು ಆರೂವರೆಗೆ. ಆರು ಗಂಟೆಗೆ ಮನೆ ಬಿಟ್ಟರೆ ಬೆಳಕು ಹರಿಯುವುದನ್ನು ನೋಡುತ್ತಾ ನಡೆಯಬಹುದು, ಎಂಟಕ್ಕೆಲ್ಲ ವಾಪಸು. ಏಪ್ರಿಲ್ ಬಂದರೆ ಇನ್ನೂ ಅರ್ಧ ತಾಸು ಮುಂಚೆಯೇ ಹೊರಡಿ. ಹೊರಡುವ ಮುಂಚೆ ಒಂದು ಲೋಟ ನೀರು ಕುಡಿಯಿರಿ. ಹೊಸದಾಗಿ ಶುರು ಮಾಡುವವರು ಮೊದಲ ವಾರ ಅರ್ಧ ತಾಸಿಗಿಂತ ಹೆಚ್ಚು ನಡೆಯಬೇಡಿ. ಕಾಲು ಒಗ್ಗಿದ ಮೇಲೆ ಅದೇ ಇನ್ನಷ್ಟು ದೂರ ಕೇಳುತ್ತದೆ. ಕೈಫೋನನ್ನು ಹೆಜ್ಜೆ ಎಣಿಸಲು ಹಚ್ಚಬೇಡಿ ಎಂದು ನಾನು ಹೇಳುತ್ತೇನೆ. ಹೆಜ್ಜೆ ಎಣಿಸುವವರ ಕಣ್ಣಿಗೆ ಗಿಡ ಕಾಣುವುದಿಲ್ಲ.

ಊರೊಳಗಿನವರಿಗೆ ಹುಲಿಕೆರೆಯ ಕಡೆ, ಕೋಟೆಯ ಬುಡದ ಕಡೆ ಹೋಗುವುದು ಸುಲಭ. ನನಗೆ ಹೆಚ್ಚು ಪ್ರೀತಿ ಗವಿಮಠದ ಬೆಟ್ಟದ ಮೇಲೆ. ಅಲ್ಲಿನ ಬಂಡೆಯಲ್ಲಿ ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನ ಇದೆ. ಅಂಥದ್ದೇ ಇನ್ನೊಂದು ಪಲ್ಕಿಗುಂಡಿನಲ್ಲಿದೆ. ಬ್ರಾಹ್ಮಿ ಅಕ್ಷರ ಓದಲು ಬಾರದಿದ್ದರೂ ಆ ಗೆರೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಫಲ ಸಿಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಗುಡ್ಡ ಹತ್ತಿ ಉಸಿರು ಬಿಟ್ಟವರು ಇದ್ದರಲ್ಲ ಅನ್ನಿಸಿದರೆ ನಮ್ಮ ಏದುಸಿರು ಹಗುರಾಗುತ್ತದೆ. ಶಾಸನದ ಮೇಲೆ ಕೈಯಾಡಿಸುವುದು, ಹೆಸರು ಗೀಚುವುದು ಬೇಡ.

ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲದವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ಹೊಲದ ಬದುವೇ ದಾರಿ. ಹಿಂಗಾರಿ ಜೋಳ ಕೊಯ್ದು ರಾಶಿ ಮುಗಿದ ಮೇಲೆ ಹೊಲ ಖಾಲಿ, ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ಬಯಲು. ಒಣಗಿದ ಎರೆ ಭೂಮಿ ಬಿರುಕು ಬಿಟ್ಟಿರುತ್ತದೆ, ಪಾದ ಹೊರಳದಂತೆ ನೋಡಿಕೊಳ್ಳಿ. ಗಂಗಾವತಿ, ಕಾರಟಗಿ ಕಡೆಯವರದು ಬೇರೆ ಲೋಕ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ವರ್ಷ ಬೇಸಿಗೆಯಲ್ಲೂ ಭತ್ತದ ಹಸಿರು. ಕಾಲುವೆಯ ದಂಡೆ ಮೇಲೆ ನಡೆಯಿರಿ, ಆದರೆ ಕಾಲು ತೊಳೆಯಲೆಂದು ಅಂಚಿಗೆ ಇಳಿಯಬೇಡಿ. ಪಾಚಿ ಜಾರುತ್ತದೆ, ನೀರಿನ ಸೆಳೆತ ಮೇಲಿಂದ ಗೊತ್ತಾಗುವುದಿಲ್ಲ. ಆನೆಗೊಂದಿಯ ಬೆಟ್ಟದ ಸಾಲಿನಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಅಲ್ಲಿ ನಸುಕಿನಲ್ಲಿ ಒಬ್ಬರೇ ಹೋಗುವ ಧೈರ್ಯ ಬೇಡವೇ ಬೇಡ. ಬಿಸಿಲು ಬಿದ್ದ ಮೇಲೆ, ಜನ ಓಡಾಡುವ ದಾರಿಯಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಏನು ನೋಡಬೇಕು

ಒಂದೇ ದಾರಿಯನ್ನು ಹಿಡಿಯಿರಿ. ದಿನಕ್ಕೊಂದು ದಾರಿ ಬದಲಿಸಿದರೆ ವಸಂತ ಗೊತ್ತಾಗುವುದಿಲ್ಲ. ಅದೇ ಅರಳಿ ಮರವನ್ನು ಹದಿನೈದು ದಿನ ನೋಡಿದರೆ ಎಲೆ ಉದುರಿದ್ದು, ತಾಮ್ರದ ಬಣ್ಣದ ಚಿಗುರು ಬಿಟ್ಟಿದ್ದು, ಆ ತಾಮ್ರ ಹಸಿರಾದದ್ದು ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ. ಹೊಂಗೆಯ ಎಳೆ ಎಲೆಗೆ ಎಣ್ಣೆ ಸವರಿದ ಹೊಳಪು. ಬೇವಿನ ಹೂ ಅರಳಿದ ಸುದ್ದಿ ಕಣ್ಣಿಗಿಂತ ಮೊದಲು ಮೂಗಿಗೆ ಬರುತ್ತದೆ. ಬೇವುಬೆಲ್ಲಕ್ಕೆ ಹೂ ಎಲ್ಲಿ ಸಿಗುತ್ತದೆ ಎಂದು ಹಬ್ಬದ ಹಿಂದಿನ ದಿನ ಹುಡುಕುವ ಕೆಲಸ ನಡೆಯುವವರಿಗಿಲ್ಲ. ಗುಡ್ಡದ ಕಡೆ ಮುತ್ತುಗದ ಮರ ಇದ್ದರೆ ನಿಮ್ಮ ಪುಣ್ಯ. ಒಂದೆಲೆ ಇಲ್ಲದ ಕೊಂಬೆ ತುಂಬ ಕೆಂಡದ ಬಣ್ಣದ ಹೂ, ಹೂವಿನ ತೊಟ್ಟು ಮಾತ್ರ ಕಪ್ಪು ಮಖಮಲ್ಲು. ಆ ಕೆಂಪು ಮತ್ತು ಕಪ್ಪಿನ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ.

ನೆಲಕ್ಕೆ ಬಿದ್ದ ಹೂ, ಎಲೆ, ಬೀಜ ಮಾತ್ರ ಆರಿಸಿಕೊಳ್ಳಿ. ಕೊಂಬೆ ಮುರಿಯುವ ಅಗತ್ಯವಿಲ್ಲ.

ಜಾಲಿ ಮುಳ್ಳು ಹರಿದರೆ

ನಮ್ಮ ಸೀಮೆಯ ನಡಿಗೆಯಲ್ಲಿ ಬಳ್ಳಾರಿ ಜಾಲಿಗೆ ಸಿಕ್ಕದ ಬಟ್ಟೆ ಇಲ್ಲ. ರಸ್ತೆ ಬದಿ, ಹಳ್ಳದ ದಂಡೆ, ಎಲ್ಲಿ ನೋಡಿದರೂ ಅದೇ. ತೆಳ್ಳನೆಯ ಚಪ್ಪಲಿ ಹಾಕಿಕೊಂಡು ಹೋದರೆ ಅಡಿಯಿಂದ ಮುಳ್ಳು ಮೇಲೆ ಬರುತ್ತದೆ, ಗಟ್ಟಿ ಅಡಿಯದೇ ಹಾಕಿಕೊಳ್ಳಿ. ಬಟ್ಟೆಗೆ ಮುಳ್ಳು ಹತ್ತಿದಾಗ ಎಳೆಯಬೇಡಿ. ಒಂದು ಹೆಜ್ಜೆ ಹಿಂದೆ ಬಂದು ಬಿಡಿಸಿಕೊಳ್ಳಿ. ಎಳೆದರೆ ಬಟ್ಟೆ ಒಂದು ಮೂಲೆ ಮಾಡಿಕೊಂಡು ಎರಡು ದಿಕ್ಕಿಗೆ ಹರಿಯುತ್ತದೆ. ಅಂಥ ಹರಕನ್ನು ಹೊಲಿಯುವುದೇ ನಿಮ್ಮ ಮೊದಲ ಪಾಠ ಆಗಲಿ.

ಹರಿದ ದಿನವೇ ಕೂತುಬಿಡಿ, ಒಗೆದ ಮೇಲೆ ಎಂದರೆ ಅಂಚಿನ ಎಳೆಗಳು ಬಿಚ್ಚಿ ತೂತು ದೊಡ್ಡದಾಗುತ್ತದೆ. ಅದೇ ಬಟ್ಟೆಯ ಒಳ ಮಡಿಕೆಯಿಂದ ಒಂದು ಚೂರು ಕತ್ತರಿಸಿಕೊಳ್ಳಿ. ಕುರ್ತಾದ ಕೆಳ ಮಡಿಕೆ, ಕುಪ್ಪಸದ ಪಕ್ಕದಲ್ಲಿ ಬಿಟ್ಟ ಹೆಚ್ಚಿನ ಬಟ್ಟೆ, ಇವೇ ಒಳ್ಳೆಯ ತ್ಯಾಪಿ. ಹರಕಿಗಿಂತ ನಾಲ್ಕೂ ಕಡೆ ಎರಡು ಬೆರಳು ಹೆಚ್ಚಿರಲಿ. ಅದನ್ನು ಹರಕಿನ ಹಿಂದೆ ಇಟ್ಟು ಸುತ್ತಲೂ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಅಲುಗಾಡದಂತೆ ಮಾಡಿ. ಈಗ ಹರಕಿನ ಮೂಲೆಯಿಂದ ಶುರು ಮಾಡಿ. ಎಲ್ಲರೂ ತುದಿಯಿಂದ ಹೊಲಿಯುತ್ತಾ ಬಂದು ಮೂಲೆಯಲ್ಲಿ ಬಟ್ಟೆ ಉಬ್ಬಿಸಿಕೊಳ್ಳುತ್ತಾರೆ. ಮೂಲೆಯನ್ನು ಮೊದಲು ಎರಡು ಸಣ್ಣ ಹೊಲಿಗೆಯಿಂದ ಅದರ ಜಾಗಕ್ಕೆ ಕೂರಿಸಿದರೆ ಹರಕಿನ ಎರಡೂ ಕವಲು ತಾವಾಗಿ ಸರಿಹೋಗುತ್ತವೆ. ಹರಿದ ಗೆರೆಯ ಆಚೆ ಒಂದು, ಈಚೆ ಒಂದು, ಹೀಗೆ ಒತ್ತೊತ್ತಾಗಿ ಹಾಕುತ್ತಾ ಹೋಗಿ. ಮುಗಿದ ಮೇಲೆ ಕಚ್ಚಾ ದಾರ ಬಿಚ್ಚಿ, ಹಿಂಬದಿಯಲ್ಲಿ ತ್ಯಾಪಿಯ ಅಂಚನ್ನು ಮಡಚಿ ಹೊಲಿಯಿರಿ.

ದಾರದ ಬಗ್ಗೆ ನಮ್ಮವ್ವ ಹೇಳುತ್ತಿದ್ದ ಮಾತೊಂದಿದೆ: "ಹಳೇ ಬಟ್ಟಿ ಗಟ್ಟಿ ದಾರ ತಡಿಯಂಗಿಲ್ಲವ್ವ, ಅದರ ಸರೀಕದ ದಾರ ಹಾಕು." ಪಾಲಿಯೆಸ್ಟರ್ ದಾರ ಸವೆದ ಹತ್ತಿಯನ್ನು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹರಿಯುವುದಿದ್ದರೆ ದಾರ ಹರಿಯಲಿ, ಅದನ್ನು ಮತ್ತೆ ಹಾಕಬಹುದು. ಹಳೇ ಬಟ್ಟೆಗೆ ಹತ್ತಿ ದಾರವೇ ಇರಲಿ.

ಸೀರೆ ಆರಿಸುವುದು, ಹರಿಯುವುದು

ಹತ್ತಿಯ ಇಳಕಲ್ ಸೀರೆ ಇದ್ದರೆ ಬಹಳ ಒಳ್ಳೆಯದು. ನಮ್ಮ ಭಾಗ್ಯನಗರದ ಮಗ್ಗದ್ದಾದರೆ ಇನ್ನೂ ಸಂತೋಷ. ದಡಿ ಗಟ್ಟಿ, ಬಣ್ಣ ಗಟ್ಟಿ. ಒಡಲು ಸವೆದರೂ ದಡಿ ಹಾಗೇ ಉಳಿದಿರುತ್ತದೆ. ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದು ನೋಡಿ. ಬೆಳಕು ಜಾಸ್ತಿ ತೂರುವ ಕಡೆ ಬಟ್ಟೆ ಸೋತಿದೆ ಎಂದು ಅರ್ಥ. ಅಲ್ಲಿ ಬಳಪದಿಂದ ಗುರುತು ಮಾಡಿ. ಬೆರಳಿಂದ ಎರಡು ಕಡೆ ಹಿಡಿದು ಮೆಲ್ಲಗೆ ಎಳೆದಾಗ ಚರ್ ಎಂದರೆ ಆ ಭಾಗ ಬಿಟ್ಟುಬಿಡಿ.

ಐದೂವರೆ ಮೀಟರ್ ಸೀರೆಯ ಲೆಕ್ಕ ನಾನು ಹೀಗೆ ಮಾಡುತ್ತೇನೆ. ಗಟ್ಟಿಯಾಗಿರುವ ಒಂದು ತುದಿಯಿಂದ 130 ಸೆಂಟಿಮೀಟರ್ ಬೇರೆ ಮಾಡುವುದು. ಅದರಲ್ಲಿ ಚಂಚಿ, ಅದರ ಪಟ್ಟಿ, ಬಾಟಲಿಯ ಅಂಗಿ. ಉಳಿದ ನಾಲ್ಕು ಮೀಟರ್ ಚಿಲ್ಲರೆಯಲ್ಲಿ ಸೋತ ಭಾಗ ತೆಗೆದು ಕೌದಿ. ಹತ್ತಿ ಬಟ್ಟೆಗೆ ಕತ್ತರಿ ಉದ್ದಕ್ಕೂ ಓಡಿಸಬೇಕಿಲ್ಲ. ದಡಿಯನ್ನು ಕತ್ತರಿಯಿಂದ ಕಡಿದು, ಒಂದು ಇಂಚು ಸೀಳಿ, ಎರಡೂ ಕೈಯಲ್ಲಿ ಹಿಡಿದು ಹರಿದರೆ ಎಳೆಯ ಜಾಡು ಹಿಡಿದು ನೇರವಾಗಿ ಹರಿಯುತ್ತದೆ. ಕತ್ತರಿಸಿದ್ದಕ್ಕಿಂತ ಹರಿದದ್ದೇ ಸರಳ ರೇಖೆ. ಹೊಸ ಬಟ್ಟೆ ಏನಾದರೂ ಸೇರಿಸುವುದಿದ್ದರೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ನಾನೊಮ್ಮೆ ಹಾಗೆ ಮಾಡದೆ ಹೊಸ ಅಸ್ತರು ಕೊಟ್ಟು ಹೊಲಿದೆ. ಮೊದಲ ಒಗೆತಕ್ಕೆ ಅಸ್ತರು ಕುಗ್ಗಿ ಇಡೀ ಚೀಲ ಸುರುಟಿಕೊಂಡಿತು. ಮೂರು ಮಧ್ಯಾಹ್ನದ ಕೆಲಸ ಬಿಚ್ಚಬೇಕಾಯಿತು.

ನಡಿಗೆಯ ಚಂಚಿ

ಎಲೆ ಅಡಿಕೆಯ ಚಂಚಿಯನ್ನು ನಮ್ಮ ಹಿರಿಯರ ಸೊಂಟದಲ್ಲಿ ನೋಡದವರು ಈ ಸೀಮೆಯಲ್ಲಿ ಕಡಿಮೆ. ಒಂದರೊಳಗೊಂದು ಖಾನೆ: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಅದೇ ಉಪಾಯವನ್ನು ನಡಿಗೆಗೆ ತಂದುಕೊಳ್ಳಿ. ಒಂದು ಖಾನೆಯಲ್ಲಿ ಮನೆ ಕೀಲಿ, ಫೋನು, ಹತ್ತಿಪ್ಪತ್ತು ರೂಪಾಯಿ. ಇನ್ನೊಂದರಲ್ಲಿ ಕರವಸ್ತ್ರ, ಆರಿಸಿದ ಬೀಜ, ಬೇವಿನ ಹೂ.

ಮೊದಲು ಕಾಗದದಲ್ಲಿ ಮಾಡಿ ನೋಡಿ. ಹಳೇ ಪತ್ರಿಕೆಯಿಂದ 13 ಸೆಂಟಿಮೀಟರ್ ಅಗಲ, 44 ಉದ್ದದ ಪಟ್ಟಿ ಕತ್ತರಿಸಿ, ಒಂದು ತುದಿಯಿಂದ 9, 18, 27, 36ಕ್ಕೆ ಗೆರೆ ಎಳೆಯಿರಿ. ಬೀಸಣಿಗೆ ಮಾಡುವ ಹಾಗೆ ಒಮ್ಮೆ ಆಕಡೆ ಒಮ್ಮೆ ಈಕಡೆ ಮಡಿಸಿ. ಎರಡು ಖಾನೆ ಮೇಲ್ಮುಖವಾಗಿ ಬಾಯಿ ತೆರೆಯುತ್ತವೆ, ಉಳಿದ ತುದಿ ಮುಚ್ಚಳವಾಗಿ ಮುಂದಕ್ಕೆ ಬೀಳುತ್ತದೆ. ಕಾಗದದಲ್ಲಿ ಇದು ಕೈಗೆ ಹತ್ತಿದ ಮೇಲೆ ಬಟ್ಟೆ ಮುಟ್ಟಿ. ಬಟ್ಟೆಗೆ ಇದರ ಎರಡರಷ್ಟು ಅಳತೆ.

ಒಡಲಿನಿಂದ 28 ಸೆಂಟಿಮೀಟರ್ ಅಗಲ, 90 ಉದ್ದದ ಎರಡು ಪಟ್ಟಿ ಹರಿದುಕೊಳ್ಳಿ. ಒಂದು ಹೊರಬಟ್ಟೆ, ಒಂದು ಅಸ್ತರು. ಎರಡರ ಚೆಂದದ ಮುಖಗಳು ಒಳಗೆ ಬರುವಂತೆ ಒಂದರ ಮೇಲೊಂದು ಇಟ್ಟು, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸುತ್ತಲೂ ಹೊಲಿಯಿರಿ. ಉದ್ದದ ಒಂದು ಬದಿಯಲ್ಲಿ ಕೈ ಹೋಗುವಷ್ಟು ಜಾಗ ಬಿಡಿ. ನಾಲ್ಕು ಮೂಲೆಯ ತುದಿಯನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ತಿರುಗಿಸಿದಾಗ ಮೂಲೆ ಗಂಟು ಗಂಟಾಗುತ್ತದೆ. ಬಿಟ್ಟ ಜಾಗದಿಂದ ಬಟ್ಟೆಯನ್ನು ಹೊರಕ್ಕೆ ತಿರುಗಿಸಿ, ಪೆನ್ನಿನ ಹಿಂಬದಿಯಿಂದ ಮೂಲೆ ಒತ್ತಿ ಹೊರತೆಗೆದು, ಇಸ್ತ್ರಿ ಮಾಡಿ. ತೆರೆದ ಬಾಯಿಯನ್ನು ಕೈಹೊಲಿಗೆಯಿಂದ ಮುಚ್ಚಿ. ಈಗ ನಿಮ್ಮ ಕೈಯಲ್ಲಿ 26 ಅಗಲ, 88 ಉದ್ದದ ಎರಡು ಪದರದ ಪಟ್ಟಿ.

ಅಸ್ತರು ಮೇಲೆ ಬರುವಂತೆ ಹಾಸಿ ಒಂದು ತುದಿಯಿಂದ 18, 36, 54, 72ಕ್ಕೆ ಬಳಪದ ಗುರುತು. 18ರಲ್ಲಿ ಮಡಿಸಿ ತುದಿಯನ್ನು 36ಕ್ಕೆ ತನ್ನಿ. ಆ ಮಡಿಕೆಯನ್ನು 36ರ ಗೆರೆಯಲ್ಲಿ ಅಡಿಗೆ ಮಡಿಸಿ. ಇಡೀ ಕಟ್ಟನ್ನು 54ರ ಗೆರೆಯಲ್ಲಿ ಮೇಲಕ್ಕೆ ಮಗುಚಿ 72ಕ್ಕೆ ಕೂಡಿಸಿ. ಉಳಿದ 16 ಸೆಂಟಿಮೀಟರ್ ಮುಚ್ಚಳ. ಮೇಲಿನಿಂದ ಎರಡು ಖಾನೆಗೂ ಬೆರಳು ಹಾಕಿ ನೋಡಿ, ಸರಿ ಇದ್ದರೆ ಪಿನ್ನು ಚುಚ್ಚಿ.

ಎರಡೂ ಪಕ್ಕಗಳನ್ನು ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಎಲ್ಲ ಪದರ ಸೇರಿಸಿ ಹೊಲಿಯಬೇಕು. ಇಲ್ಲಿ ಎಂಟು ಪದರ ಇರುತ್ತದೆ, ಮಷೀನಿಗೆ 16ನೇ ನಂಬರಿನ ಸೂಜಿ ಹಾಕಿ, ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸಿ. ಕೈಯಲ್ಲಾದರೆ ಜೋಡಿ ದಾರ, ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಹೊಲಿಗೆ. ಬಾಯಿಯ ಹತ್ತಿರ ಮೂರು ಸಲ ಹಿಂದೆ ಮುಂದೆ ಮಾಡಿ, ಭಾರ ಎಳೆಯುವುದೇ ಅಲ್ಲಿ.

ಹೆಗಲ ಪಟ್ಟಿಗೆ ದಡಿ. 130 ಸೆಂಟಿಮೀಟರ್ ದಡಿಯನ್ನು ಉದ್ದಕ್ಕೂ ಮಡಿಸಿ ಅಂಚು ಹೊಲಿದು, ಚಂಚಿಯ ಹಿಂಬದಿಯ ಮೇಲಿನ ಎರಡು ಮೂಲೆಗೆ ಕೂಡಿಸಿ. ಅಲ್ಲಿ ಚೌಕಾಕಾರ ಹೊಲಿದು, ಒಳಗೆ ಕತ್ತರಿ ಗುರುತಿನ ಹಾಗೆ ಅಡ್ಡ ಹೊಲಿಗೆ ಹಾಕಿದರೆ ಕಿತ್ತುಬರುವುದಿಲ್ಲ. ಮುಚ್ಚಳಕ್ಕೆ ಗುಂಡಿ, ಇಲ್ಲವೇ ಲಾಡಿ. ನನಗೆ ಲಾಡಿಯೇ ಇಷ್ಟ, ಹಿರಿಯರ ಚಂಚಿಯ ಹಾಗೆ ಸುತ್ತಿ ಸಿಕ್ಕಿಸಬಹುದು.

ಬಾಟಲಿಯ ಅಂಗಿ ಸಣ್ಣ ಕೆಲಸ. ಬಾಟಲಿಯ ಸುತ್ತಳತೆಗೆ 4 ಸೆಂಟಿಮೀಟರ್, ಎತ್ತರಕ್ಕೆ 8 ಸೆಂಟಿಮೀಟರ್ ಕೂಡಿಸಿ, ಎರಡು ಪದರದ ಬಟ್ಟೆಯನ್ನು ಕೊಳವೆಯಂತೆ ಹೊಲಿದು, ಅಡಿ ಮುಚ್ಚಿ, ಮೇಲೆ ಲಾಡಿ ಹಾಕುವ ಮಡಿಕೆ ಬಿಡಿ. ಹೊರಡುವಾಗ ಅದನ್ನು ನೀರಲ್ಲಿ ಅದ್ದಿ ಹಿಂಡಿ ತೊಡಿಸಿ. ನಮ್ಮ ಒಣ ಗಾಳಿಗೆ ತೇವ ಆರುತ್ತಾ ಆರುತ್ತಾ ಒಳಗಿನ ನೀರನ್ನು ತಂಪಾಗಿಡುತ್ತದೆ, ಮಣ್ಣಿನ ಹೂಜಿಯ ಹಾಗೆಯೇ.

ಉಳಿದದ್ದು ಕೌದಿಗೆ

ಇನ್ನು ಇಡೀ ವಸಂತದ ಕೆಲಸ. ಉಳಿದ ಸೀರೆಯಲ್ಲಿ 120 ಸೆಂಟಿಮೀಟರಿನ ಮೂರು ತುಂಡು ತೆಗೆದು ಒಂದರ ಮೇಲೊಂದು ಹಾಸಿ. ಸೀರೆಯ ಪನ್ನ, ಅಂದರೆ ಅಗಲ, ಸುಮಾರು 110 ಇರುವುದರಿಂದ ಮಗುವಿಗೆ ಹೊದಿಸಲು, ಹಿರಿಯರ ಕಾಲಿನ ಮೇಲೆ ಹಾಕಲು ಸರಿಯಾದ ಅಳತೆ. ನೆಲ ಒರೆಸಿ, ಸುಕ್ಕಿಲ್ಲದಂತೆ ಎಳೆದು ಹಾಸಿ, ನಾಲ್ಕು ಮೂಲೆಗೆ ಗುಂಡುಕಲ್ಲು ಇಡಿ. ಸುತ್ತಲೂ ಅಂಚು ಒಳಕ್ಕೆ ಮಡಚಿ, ನಡುವೆಯೂ ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿದರೆ ಪದರಗಳು ಜರುಗುವುದಿಲ್ಲ. ಈ ಹಾಸುವ ಕೆಲಸಕ್ಕೆ ಅಕ್ಕಪಕ್ಕದವರನ್ನು ಕರೆಯಿರಿ. ನಾಲ್ಕು ಕೈ ಬೇಕು, ಬಂದವರು ತಮ್ಮ ಮನೆಯ ಎರಡು ಚೂರು ಬಟ್ಟೆಯನ್ನೂ ತರುತ್ತಾರೆ. ಟೇಲರ್ ಅಂಗಡಿಯಲ್ಲಿ ಕೇಳಿದರೂ ಕುಪ್ಪಸದ ಚೂರು ಕೊಡುತ್ತಾರೆ. ಹತ್ತಿಯದನ್ನು ಮಾತ್ರ ಆರಿಸಿಕೊಳ್ಳಿ, ಜಾರುವ ಬಟ್ಟೆ ಕೌದಿಯಲ್ಲಿ ನಿಲ್ಲುವುದಿಲ್ಲ.

ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರಬೇಕು. ನಡುವಿನಿಂದ ಶುರು ಮಾಡಿದರೆ ಅಂಚಿನಲ್ಲಿ ಬಟ್ಟೆ ಅಲೆ ಅಲೆಯಾಗುತ್ತದೆ. ಜೋಡಿ ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಹೊಲಿಗೆ ಜೋಳದ ಕಾಳಿನಷ್ಟು, ಸಾಲಿನಿಂದ ಸಾಲಿಗೆ ಒಂದು ಬೆರಳು. ಸುತ್ತು ಬರುತ್ತಾ ಬರುತ್ತಾ ಬಣ್ಣದ ಚೂರುಗಳನ್ನು ಅಂಚು ಮಡಚಿ ಇಡುತ್ತಾ, ಅದೇ ಸಾಲಿನಲ್ಲಿ ಅವನ್ನೂ ಹಿಡಿದುಕೊಂಡು ಹೋಗಿ. ಪ್ರತಿ ಚೂರು ಹಿಂದಿನದರ ಮೇಲೆ ಒಂದು ಬೆರಳು ಏರಿರಲಿ. ಸಾಲುಗಳ ನಡುವೆ ಒಂದೂವರೆ ಸೆಂಟಿಮೀಟರ್ ಎಂದು ಲೆಕ್ಕ ಹಿಡಿದರೆ ಈ ಸಣ್ಣ ಕೌದಿಯಲ್ಲೇ 88 ಮೀಟರ್ ಉದ್ದದ ಹೊಲಿಗೆ ಇರುತ್ತದೆ. ದಿನಕ್ಕೆ ಮೂರು ಮೀಟರ್ ಎಂದರೆ ಒಂದು ತಿಂಗಳು. ಅವಸರ ಮಾಡಿದವರ ಹೊಲಿಗೆ ಎರಡನೇ ವಾರಕ್ಕೇ ದೊಡ್ಡದಾಗುತ್ತದೆ, ಒಗೆದಾಗ ಬೆರಳು ಸಿಕ್ಕಿ ಹರಿಯುತ್ತದೆ.

ಬಣ್ಣ ಯಾವುದರ ಪಕ್ಕ ಯಾವುದು ಎಂಬ ಗೊಂದಲ ಬಂದಾಗ ಬೆಳಗಿನ ದಾರಿ ನೆನಪಿಸಿಕೊಳ್ಳಿ. ಮುತ್ತುಗದ ಕೆಂಪಿನ ಬುಡದಲ್ಲಿ ಕಪ್ಪಿತ್ತು. ಹಾಗಾಗಿ ದಾಳಿಂಬೆ ಕೆಂಪು ಚೂರಿನ ಪಕ್ಕ ಕಪ್ಪು ಚಂದ್ರಕಾಳಿ ಸೀರೆಯ ಒಂದು ತುಂಡು ಇಟ್ಟು ನೋಡಿ, ಎರಡೂ ಎದ್ದು ಕಾಣುತ್ತವೆ. ಗಿಳಿ ಹಸಿರಿನ ಪಕ್ಕ ಅರಳಿ ಚಿಗುರಿನ ತಾಮ್ರದ ಬಣ್ಣ ಬರಲಿ. ಎಲ್ಲ ಗಾಢ ಬಣ್ಣವೇ ಆದರೆ ಕಣ್ಣಿಗೆ ಆಯಾಸ. ಖಾಲಿ ಜೋಳದ ಹೊಲದಂತೆ ಮಾಸಿದ ಬಿಳಿ, ಹಳೇ ಧೋತರದ ತುಂಡುಗಳನ್ನು ನಡುನಡುವೆ ಬಿಡಿ.

ಮಧ್ಯಾಹ್ನ ಹೊಲಿಯಲು ಬಾಗಿಲ ಬಳಿ, ಬೆಳಕು ಎಡಗಡೆಯಿಂದ ಬೀಳುವಂತೆ ಕೂತುಕೊಳ್ಳಿ. ಎಡಗೈಯಲ್ಲಿ ಹೊಲಿಯುವವರಿಗೆ ಬಲಗಡೆಯಿಂದ. ಒಂದು ತಾಸಿಗೊಮ್ಮೆ ಎದ್ದು ದೂರದ ಮರ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ. ಸೂಜಿ ಎಷ್ಟು ತಂದಿರಿ ಎಂದು ಎಣಿಸಿ ಕೂತು, ಎಣಿಸಿಯೇ ಏಳಿ. ಮಕ್ಕಳು ಓಡಾಡುವ ಮನೆಯಲ್ಲಿ ಇದನ್ನು ಮರೆಯಲೇಬಾರದು.

ಕೌದಿ ಮುಗಿಯುವಷ್ಟರಲ್ಲಿ ವೈಶಾಖ ಬಂದಿರುತ್ತದೆ, ನಡಿಗೆಯೂ ಅರ್ಧ ತಾಸಿಗೆ ಇಳಿದಿರುತ್ತದೆ. ಬಳಪದ ಗುರುತು, ಕೈಯ ಬೆವರು ಹೋಗಲು ಒಮ್ಮೆ ಒಗೆಯಬೇಕು. ಬಕೆಟ್ಟಿನಲ್ಲಿ ಸ್ವಲ್ಪ ಸೋಪಿನ ಪುಡಿ ಹಾಕಿ ಅರ್ಧ ತಾಸು ನೆನೆಸಿ, ಕಲ್ಲಿಗೆ ಬಡಿಯದೆ ಕಾಲಲ್ಲಿ ತುಳಿದು ತೆಗೆಯಿರಿ. ನೀರು ಕುಡಿದ ಕೌದಿ ಭಾರವಾಗುತ್ತದೆ. ಹಿಂಡಬೇಡಿ, ಇಬ್ಬರು ಹಿಡಿದು ಕಟ್ಟೆಯ ಮೇಲೆ ಬಿಟ್ಟು ನೀರು ಸೋರಲಿ. ಬೆಳಿಗ್ಗೆ ಏಳಕ್ಕೆ ಹರವಿ, ಹನ್ನೆರಡಕ್ಕೆ ಮಗ್ಗುಲು ಬದಲಿಸಿದರೆ ನಮ್ಮ ಬಿಸಿಲಿಗೆ ಸಂಜೆಯೊಳಗೆ ಒಣಗಿ ಗರಿಗರಿಯಾಗಿರುತ್ತದೆ. ಒಣಗಿದ ಬೇವಿನೆಲೆ ನಾಲ್ಕು ಒಳಗಿಟ್ಟು ಮಡಿಸಿ.